ಎಂಟು ಹೆಸರುಗಳ ಪಟ್ಟಿ

ಜನವರಿ 9, ಮಂಗಳವಾರ

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಈ ನೋಟ್‌ಬುಕ್ ಇಡಲು ಹೇಳಿದ್ದಾಳೆ. ದಿನಾ ಸಂಜೆ ಭುಜದ ನೋವು ಹತ್ತಕ್ಕೆ ಎಷ್ಟು ಎಂದು ಬರೆಯಬೇಕಂತೆ. "ಯಾರಿಗೂ ತೋರಿಸ್ಬೇಕಾಗಿಲ್ಲ ಸರ್, ನನಗೂ ಬೇಡ. ನಿಮಗೇ ಗೊತ್ತಾಗ್ಲಿ ಅಂತ" ಎಂದಳು. ಐವತ್ತೆಂಟು ವರ್ಷ ಹೊತ್ತು ತಿರುಗಿದ ಭುಜ ನನಗೆ ಗೊತ್ತಿಲ್ಲವೇ? ಆದರೂ ಬರೆಯುತ್ತೇನೆ. ಬರೀ ಅಂಕಿ ಬರೆದರೆ ಪುಟ ಬಣಬಣ ಎನ್ನುತ್ತದೆ, ಅದಕ್ಕೇ ನಾಲ್ಕು ಸಾಲು ಹೆಚ್ಚು.

ನಿನ್ನೆಯಿಂದ ಅಭ್ಯಾಸ ಶುರುವಾಗಿದೆ. ನಮ್ಮ ಪ್ರಾಂತ್ಯದ ಬೇಸ್‌ಬಾಲ್ ತಂಡದ ಬ್ಯಾಟರುಗಳಿಗೆ ಅಭ್ಯಾಸದ ಚೆಂಡು ಎಸೆಯಲು ನಿಂತು ನನಗಿದು ಇಪ್ಪತ್ತೆರಡನೆಯ ವರ್ಷ. ಬೆಳಿಗ್ಗೆಯಿಂದ ಫ್ಯಾನು, ಫ್ರಿಜ್ಜು ರಿಪೇರಿ. ಮೂರು ಗಂಟೆಗೆ ಅಂಗಡಿಯ ಬಾಗಿಲೆಳೆದು ಮೈದಾನ. ಪಂದ್ಯದ ದಿನ ನನಗೆ ಕೆಲಸವಿಲ್ಲ, ಪತ್ರಿಕೆಯಲ್ಲಿ ನನ್ನ ಹೆಸರಿಲ್ಲ. ಆದರೆ ಇಷ್ಟು ವರ್ಷ ಈ ಊರಿನ ಪರವಾಗಿ ಹೋಮ್‌ರನ್ ಹೊಡೆದವರೆಲ್ಲ ಅದಕ್ಕೂ ಮೊದಲು ನನ್ನ ಚೆಂಡನ್ನು ಸಾವಿರ ಸಲ ಹೊಡೆದವರೇ. ಅಷ್ಟು ಜಂಬ ನನಗೂ ಇದೆ.

ಇವತ್ತು ಮುನ್ನೂರು ಎಸೆದೆ. ನೋವು ಎಂಟು.

ಜನವರಿ 12, ಶುಕ್ರವಾರ

ಅಭ್ಯಾಸ ಮುಗಿದ ಮೇಲೆ ಮ್ಯಾನೇಜರ್ ಎವಿದೆಲಿಯೊ ಕರೆದ. ಒಂದೇ ಬೀದಿಯಲ್ಲಿ ಮೂಗು ಸುರಿಸಿಕೊಂಡು ಬೆಳೆದವರು ನಾವು. ಹಾಗಾಗಿ ಅವನ ಗತ್ತು ನನ್ನ ಹತ್ತಿರ ನಡೆಯುವುದಿಲ್ಲ.

"ರುಫೋ, ಹನ್ನೊಂದು ಜನ ಬ್ಯಾಟರ್ ಇದಾರೆ. ನನಗೆ ಬೇಕಾಗಿರೋದು ಎಂಟು. ಇಲ್ಲಿ ಪಿಚ್ಚರ್‌ಗಳು ನಿಂತು ಚೆಂಡು ಎಸೆಯೋ ದಿಬ್ಬ ಹೊಸದಾಗಿ ಕಟ್ತಿದಾರಲ್ಲ, ಅದು ಮುಗಿಯೋ ತನಕ ನಾನು ಪಿಚ್ಚರ್‌ಗಳನ್ನ ಕರ್ಕೊಂಡು ಶಾಲೆ ಮೈದಾನದಲ್ಲಿರ್ತೀನಿ. ಕಾರ್ನಿವಲ್ ಮುಗಿದ ಮೇಲೆ ಎಂಟು ಹೆಸರು ಬರ್ಕೊಡು. ನೀನು ಬರೆದಿದ್ದೇ ಪಟ್ಟಿ."

"ನಾನು ಚೆಂಡು ಎಸೆಯೋನಪ್ಪ. ನನ್ನನ್ಯಾಕೆ ಸಿಗಿಸ್ತೀಯ?"

"ದಿನಾ ಅವರ ಮುಖ ನೋಡ್ಕೊಂಡು ನಿಲ್ಲೋನು ನೀನೊಬ್ನೇ. ಬೇರೆ ಯಾರನ್ನ ಕೇಳ್ಲಿ?"

ಒಳಗೊಳಗೆ ಖುಷಿಯಾಯಿತು, ಸುಳ್ಳೇಕೆ. ಮನೆಗೆ ಬರುವಷ್ಟರಲ್ಲಿ ಖುಷಿ ಇಳಿದು ತಲೆನೋವು ಹತ್ತಿತು. ಏಳು ಜನರ ಬಗ್ಗೆ ಅನುಮಾನವಿಲ್ಲ. ಇಬ್ಬರಿಂದ ಹೇಗೂ ಆಗದು. ಉಳಿಯುವುದು ಒಂದೇ ಜಾಗ, ಅದಕ್ಕೆ ಇಬ್ಬರು.

ಒಬ್ಬ ದಿದಿಮೊ. ಹಾಲಿನ ಟ್ಯಾಂಕರ್ ಓಡಿಸುತ್ತಾನೆ, ತಂಡಕ್ಕೆ ಬಂದು ಹದಿನೆಂಟು ವರ್ಷ, ಕಳೆದ ಒಂಬತ್ತು ವರ್ಷದಿಂದ ನಮ್ಮ ನಾಲ್ಕನೆಯ ಬ್ಯಾಟರ್, ಎಲ್ಲರಿಗಿಂತ ಬಲವಾಗಿ ಹೊಡೆಯುವವನ ಜಾಗ. ಅವನ ಮಗಳ ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿಕೊಂಡು ನಿಂತವನು ನಾನು. ಅಂದಿನಿಂದ ನಾವಿಬ್ಬರೂ ಕೊಂಪಾದ್ರೆಗಳು, ರಕ್ತಸಂಬಂಧಕ್ಕಿಂತ ಒಂದು ಗುಂಜಿ ಹೆಚ್ಚು. ಅವನಿಗೀಗ ಮೂವತ್ತೇಳು. ಈ ವರ್ಷ ಬಿಟ್ಟರೆ ಮುಂದೆ ಯಾರೂ ಕರೆಯುವುದಿಲ್ಲ.

ಇನ್ನೊಬ್ಬ ಒರಿಯೆಲ್. ಇಪ್ಪತ್ತು ವರ್ಷ, ಪರೀತಾದ ಉಪ್ಪಿನ ಮಡಿಗಳಲ್ಲಿ ಕೆಲಸ. ಉಪ್ಪು ಬಾಚುವುದು ಈ ಬಿಸಿಲುಗಾಲದಲ್ಲೇ. ಅದನ್ನು ಬಿಟ್ಟು ಬಂದಿದ್ದಾನೆ. ಇಲ್ಲಿ ಆಗದಿದ್ದರೆ ಅಲ್ಲಿಯದೂ ಹೋಯಿತು.

ನೋವು ಎಂಟು. ಎಂಟೂವರೆ ಎಂದು ಬರೆಯಬಹುದೋ ಏನೋ, ಕೇಳಲಿಲ್ಲ.

ಜನವರಿ 18, ಗುರುವಾರ

ಇವತ್ತು ಮೈಯೆಲ್ಲ ಉರಿದುಹೋಯಿತು.

ಒರಿಯೆಲ್ ಹೊಡೆದದ್ದೆಲ್ಲ ಎಡಗೆರೆಯ ಹೊರಗೆ, ಒಂದೂ ಲೆಕ್ಕಕ್ಕಿಲ್ಲ. ಚೆಂಡು ಬರುವ ಮೊದಲೇ ಬ್ಯಾಟು ತಿರುಗಿಸಿ ಮುಗಿಸಿರುತ್ತಾನೆ. ತಾಳ್ಮೆ ಎಂಬುದೇ ಇಲ್ಲ. ಹೇಳಿದೆ. ಅದಕ್ಕೆ ಅವನು ಬ್ಯಾಟು ಕಂಕುಳಲ್ಲಿಟ್ಟುಕೊಂಡು, ಬಲು ವಿನಯದಿಂದ, "ಮಾಮ, ಒಂದೆಂಟು ಹೆಜ್ಜೆ ಮುಂದೆ ಬಂದು ಎಸೀತೀರಾ?" ಎಂದ.

ನನ್ನ ಮುಂದೆ ಕಾವಲಿಗೆ ಒಂದು ಜಾಲರಿ ಇರುತ್ತದೆ. ಎಸೆಯುವ ಕೈ ಸೋತವರು ಅದನ್ನು ಎಳೆದುಕೊಂಡು ಬ್ಯಾಟರ್ ಹತ್ತಿರ ಹೋಗುತ್ತಾರೆ, ದೂರ ಕಡಿಮೆಯಾದರೆ ಚೆಂಡು ಬೇಗ ತಲುಪುತ್ತದೆ. ನದಿಯಾಚೆಯ ತಂಡದಲ್ಲಿ ಹಾಗೆ ಮಾಡುತ್ತಾರೆ, ಮುದುಕರು. ನಾನು ಒಂದು ದಿನವೂ ಜಾಲರಿ ಸರಿಸಿದವನಲ್ಲ.

ನಾನು ಬಾಯಿ ತೆರೆಯುವ ಮೊದಲೇ ದಿದಿಮೊ ಹಿಂದಿನಿಂದ ಗದರಿದ. "ಲೇ ಉಪ್ಪು, ನಿಮ್ಮಪ್ಪ ಹುಟ್ಟೋಕೂ ಮುಂಚೆಯಿಂದ ಚೆಂಡು ಹಿಡಿದೋರು ಅವರು. ಬಾಯ್ಮುಚ್ಕೊಂಡು ಹೊಡಿ." ಎಲ್ಲರೂ ನಕ್ಕರು. ಒರಿಯೆಲ್ ತಲೆ ತಗ್ಗಿಸಿದ. ಮತ್ತೆ ಇಪ್ಪತ್ತು ಎಸೆದೆ, ಇಪ್ಪತ್ತೂ ಗೆರೆಯಾಚೆ.

ಹೆಂಡತಿ ಕೆರುಬೆ ತನ್ನ ಚಿಕ್ಕಮ್ಮನ ಮನೆಯಿಂದ ಹೆಬ್ಬಾವಿನ ಕೊಬ್ಬು ತಂದಿದ್ದಾಳೆ. ನಾರುತ್ತದೆ. ತಿಕ್ಕಿಕೊಂಡೆ. ನೋವು ಏಳು.

ಜನವರಿ 25, ಗುರುವಾರ

ನೋವು ಐದು. ಹೆಬ್ಬಾವಿಗೆ ಜಯವಾಗಲಿ.

ದಿದಿಮೊ ಇವತ್ತು ಹನ್ನೊಂದು ಚೆಂಡು ಗೋಡೆಯಾಚೆ ಕಳಿಸಿದ. ಬಡಗಣ ಗಾಳಿಯ ಸಹಾಯ ಇದ್ದದ್ದು ಹೌದು. ಆದರೂ ಹನ್ನೊಂದು! ಮೂವತ್ತೇಳು ಎಂದು ಯಾರು ಹೇಳುತ್ತಾರೆ?

ಫೆಬ್ರವರಿ 1, ಗುರುವಾರ

ಬರೆಯಲು ಬೇಸರವಾಗಿ ಒಂದು ವಾರ ಬಿಟ್ಟಿದ್ದೆ. ನೋವು ಮೂರು.

ಬೆಳಿಗ್ಗೆ ಕೆರುಬೆ ಜೋಳದ ಹಿಟ್ಟಿಗೆ ದೊಡ್ಡ ಪಾತ್ರೆ ಬೇಕು, ಅಟ್ಟದಿಂದ ಇಳಿಸಿಕೊಡಿ ಎಂದಳು. ಎಡಗೈಯಿಂದ ಇಳಿಸಿದೆ. ಅವಳ ಕಣ್ಣಿಗೆ ಏನೂ ತಪ್ಪುವುದಿಲ್ಲ.

"ಬಲಗೈಗೆ ಏನಾಯ್ತು?"

"ಏನೂ ಆಗಿಲ್ಲ. ನೋವು ಕಡಿಮೆಯಾಗಿದೆ."

"ಎತ್ತಿ, ನೋಡೋಣ."

ಕಿವಿಯವರೆಗೆ ಬಂತು. ಅಲ್ಲಿಂದ ಮೇಲೆ ಅದಕ್ಕೆ ಮನಸ್ಸಿಲ್ಲ. ನೋವಿಲ್ಲ, ಏಳುವುದಿಲ್ಲ, ಅಷ್ಟೇ. ಎಸೆಯುವುದಕ್ಕೆ ಕಿವಿಯವರೆಗೆ ಬಂದರೆ ಸಾಕು ಎಂದೆ. "ನಿಮ್ಮ ಹತ್ರ ಯಾರು ಮಾತಾಡ್ತಾರೆ" ಎಂದು ಹಿಟ್ಟು ನಾದಲು ಹೋದಳು. ನಾದುವ ಸದ್ದಿನಲ್ಲೇ ಅವಳ ಸಿಟ್ಟು ಕೇಳುತ್ತಿತ್ತು.

ಮೈದಾನದಲ್ಲಿ ಎಲ್ಲರೂ ಹೊಡೆಯುತ್ತಿದ್ದಾರೆ. ಇಂಥ ಬ್ಯಾಟರುಗಳು ನಮಗೆ ಸಿಕ್ಕಿ ಹತ್ತು ವರ್ಷವಾಗಿತ್ತು. ಉಪ್ಪಿನ ಹುಡುಗನೊಬ್ಬನನ್ನು ಬಿಟ್ಟು.

ಫೆಬ್ರವರಿ 8, ಗುರುವಾರ

ಒರಿಯೆಲ್‌ನ ತಂದೆ ಬಂದು ಬೇಲಿ ಹಿಡಿದುಕೊಂಡು ನಿಂತಿದ್ದ. ಮಗ ಒಂದೂ ನೇರ ಹೊಡೆಯಲಿಲ್ಲ. ಆ ಮನುಷ್ಯ ಟೋಪಿ ತೆಗೆದು ನನಗೆ ನಮಸ್ಕಾರ ಮಾಡಿ ಹೋದ. ನೋಡಲಾಗಲಿಲ್ಲ.

ನಾಳೆಯಿಂದ ಕಾರ್ನಿವಲ್. ನೋವು ಎರಡು.

ಫೆಬ್ರವರಿ 15, ಗುರುವಾರ

ನಾಲ್ಕು ಹಗಲು ನೀರೆರಚಿಸಿಕೊಂಡು, ಕುಡಿದು, ಕುಣಿದು ಬಂದವರ ಮುಖ ನೋಡಬೇಕಿತ್ತು. ಒಬ್ಬ ಬೂಟು ಅದಲುಬದಲು ಹಾಕಿಕೊಂಡಿದ್ದ. ಇನ್ನೊಬ್ಬ ಪೊದೆಯ ಹಿಂದೆ ಹೋಗಿ ವಾಂತಿ ಮಾಡಿ ಬಂದ. ಬಂದವನೇ ಬ್ಯಾಟು ಹಿಡಿದು ಆರಕ್ಕೆ ಆರೂ ಹೊಡೆದ! ತಲೆ ನೆಟ್ಟಗಿಲ್ಲದಿದ್ದರೂ ಕೈ ನೆಟ್ಟಗಿದೆ. ಈ ವರ್ಷ ನಮ್ಮನ್ನು ತಡೆಯುವವರಿಲ್ಲ.

ಪಟ್ಟಿ ಬರೆದುಕೊಟ್ಟೆ. ಎಂಟನೆಯ ಹೆಸರು ದಿದಿಮೊ. ಸ್ನೇಹಕ್ಕೆ ಬರೆದದ್ದಲ್ಲ; ಕಣ್ಣಾರೆ ಕಂಡದ್ದನ್ನು ಬರೆದೆ. ಎವಿದೆಲಿಯೊ ಓದಿ ಮಡಿಸಿ ಜೇಬಿಗಿಟ್ಟ.

ಒರಿಯೆಲ್‌ಗೆ ನಾನೇ ಹೇಳಬೇಕಾಯಿತು.

"ಕೈ ಚೆನ್ನಾಗಿದೆ ಕಣೋ. ಆತುರ ಜಾಸ್ತಿ. ಮುಂದಿನ ವರ್ಷ ನೋಡೋಣ."

"ಸರಿ ಮಾಮ" ಎಂದ. ಬೂಟು ಬಿಚ್ಚಿ ಚೀಲಕ್ಕೆ ಹಾಕಿ, ಬರಿಗಾಲಲ್ಲಿ ಬಸ್ಸಿನ ಕಡೆ ನಡೆದ. ಬೂಟು ಅವನ ಅಣ್ಣನದಂತೆ, ಸವೆಸಬಾರದು ಅಂತ.

ನೋವು ಒಂದು.

ಫೆಬ್ರವರಿ 24, ಶನಿವಾರ

ಲಾ ವಿಲ್ಲಾ ನದಿಯಾಚೆಯವರ ಜೊತೆ ಅಭ್ಯಾಸ ಪಂದ್ಯ. ಸೊನ್ನೆಗೆ ಒಂಬತ್ತರಿಂದ ಸೋತೆವು.

ಬರೆಯಲಾರೆ.

ಫೆಬ್ರವರಿ 25, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಅಂಗಡಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ನಿನ್ನೆ ಮೊದಲನೆಯವನ ಬ್ಯಾಟು ಚೆಂಡು ದಾಟಿಹೋದ ಮೇಲೆ ಬಂತು. ಹೊಸ ಪಿಚ್ಚರ್, ಇರಲಿ ಎಂದುಕೊಂಡೆ. ಎರಡನೆಯವನದೂ ಹಾಗೆಯೇ. ಮೂರನೆಯವನದೂ. ದಿದಿಮೊ ನಾಲ್ಕು ಸಲ ಹೋಗಿ ನಾಲ್ಕು ಸಲವೂ ಗಾಳಿ ಹೊಡೆದು ಬಂದ. ಆಚೆಯ ಪಿಚ್ಚರ್ ಏನು ರಾಕ್ಷಸನಲ್ಲ, ಹಗಲು ಬ್ಯಾಂಕಿನಲ್ಲಿ ಕೂರುವವನು. ನಮ್ಮ ಎಂಟು ಜನರೂ ಅವನಿಗೆ ತಡವಾದರು. ಎಂಟು ಜನಕ್ಕೂ ಒಂದೇ ಕಾಯಿಲೆ ಒಂದೇ ದಿನ ಬರುವುದಿಲ್ಲ. ಅವರೆಲ್ಲ ಒಂದೇ ಬಾವಿಯ ನೀರು ಕುಡಿದಿರಬೇಕು. ಆ ಬಾವಿ ನಾನು.

ಈ ನೋಟ್‌ಬುಕ್ಕಿನ ಪುಟಗಳನ್ನು ಹಿಂದಕ್ಕೆ ತಿರುವಿದೆ. ಎಂಟು, ಏಳು, ಐದು, ಮೂರು, ಎರಡು, ಒಂದು. ನೋವು ಇಳಿದಂತೆಲ್ಲ ಇವರು ಹೊಡೆಯುವುದು ಏರಿದೆ. ಹೆಬ್ಬಾವಿನ ಕೊಬ್ಬು ಏನೂ ಮಾಡಿಲ್ಲ. ನೋಯಬಾರದೆಂದು ನನ್ನ ಕೈ ನನ್ನನ್ನು ಕೇಳದೆ ನಿಧಾನವಾಗುತ್ತ ಬಂದಿದೆ. ಕುಡಿದು ಬಂದವನೂ ಹೊಡೆಯುವ ಚೆಂಡು ಅದೆಂಥ ಚೆಂಡು? ಅಂಥ ಚೆಂಡಿಗೆ ಮೊದಲೇ ಬ್ಯಾಟು ತಿರುಗಿಸಿಬಿಟ್ಟ ಒಬ್ಬನೇ ಒಬ್ಬನ ಕೈ ನಿಜವಾದ ಪಿಚ್ಚರಿಗೆ ಸಿದ್ಧವಾಗಿತ್ತು. ಅವನನ್ನು ಬರಿಗಾಲಲ್ಲಿ ಮನೆಗೆ ಕಳಿಸಿದೆ.

ಸುಮ್ಮನಿರಬಹುದು. ಎವಿದೆಲಿಯೊ ನಿನ್ನೆ ಬ್ಯಾಟರುಗಳನ್ನು ಬೈದ, ಕಾರ್ನಿವಲನ್ನು ಬೈದ, ನನ್ನನ್ನಲ್ಲ. ಬಾಯಿ ಬಿಟ್ಟರೆ ನನ್ನ ಜಾಗ ಹೋಗುತ್ತದೆ, ದಿದಿಮೊನದೂ ಹೋಗುತ್ತದೆ. ಒಂದೇ ಮಾತಿಗೆ ಇಬ್ಬರು. ಮೈದಾನ ಬಿಟ್ಟರೆ ನಾನು ಯಾರು? ಫ್ಯಾನ್ ರಿಪೇರಿಯವನು. ಭಯವಾಗುತ್ತಿದೆ.

ಕೆರುಬೆ ಒಂದು ತಟ್ಟೆ ಅನ್ನ, ತೊಗರಿಕಾಳು ತಂದಿಟ್ಟಳು. ಹೇಳಿದೆ. ಅವಳು "ಹೋಗಿ ಹೇಳಿಬನ್ನಿ. ಊಟ ಮಾಡಿ ಹೋಗಿ" ಎಂದಳು, ಅಷ್ಟೇ.

ರಾತ್ರಿ. ಊಟ ಮಾಡಿ ಹೋಗಿಬಂದೆ. ಎವಿದೆಲಿಯೊ ಗಲ್ಲ ಉಜ್ಜಿಕೊಂಡ. "ಪಟ್ಟಿ ಇನ್ನೂ ಮೇಲಕ್ಕೆ ಕಳಿಸಿಲ್ಲ. ಮಂಗಳವಾರ ಒಂದು ಮಧ್ಯಾಹ್ನ ಕೊಡ್ತೀನಿ. ಇಬ್ಬರಿಗೂ ಎಸೆದು ತೋರಿಸು" ಎಂದ.

ಫೆಬ್ರವರಿ 26, ಸೋಮವಾರ

ಬಸ್ಸು ಹಿಡಿದು ಪರೀತಾಕ್ಕೆ ಹೋದೆ. ಉಪ್ಪಿನ ಮಡಿಗಳ ಬಿಳುಪಿಗೆ ಕಣ್ಣು ಬಿಡಲಾಗುವುದಿಲ್ಲ. ಒರಿಯೆಲ್ ಕೈಯಲ್ಲಿ ಉಪ್ಪು ಬಾಚುವ ಗೋರೆ ಹಿಡಿದು ನಿಂತಿದ್ದ. ನನ್ನನ್ನು ನೋಡಿ ನಗಲಿಲ್ಲ.

"ನಾಳೆ ಮೈದಾನಕ್ಕೆ ಬಾ" ಎಂದೆ.

"ಯಾಕೆ ಮಾಮ, ಇನ್ನೊಂದ್ಸಲ ಬೇಡ ಅನ್ನೋಕಾ?"

"ನನ್ನ ಕೈ ಸರಿಯಿರ್ಲಿಲ್ಲ. ತಪ್ಪು ನಂದು, ನಿಂದಲ್ಲ."

ಅವನು ಗೋರೆಯ ಹಲ್ಲಿಗೆ ಮೆತ್ತಿದ ಉಪ್ಪು ಕೆರೆಯುತ್ತ ಇದ್ದ. "ಮೇಸ್ತ್ರಿ ಹತ್ರ ಹಲ್ಲು ಗಿಂಜಿ ಕೆಲಸ ವಾಪಸ್ ತಗೊಂಡಿದೀನಿ. ಇನ್ನೊಂದ್ಸಲ ಬಿಟ್ರೆ ಸೇರಿಸಲ್ಲ. ನನ್ನನ್ನ ತಗೋತಾರೆ ಅಂತ ಮಾತು ಕೊಡ್ತೀರಾ?"

"ಕೊಡಕ್ಕಾಗಲ್ಲ. ಚೆಂಡು ಎಸೀತೀನಿ. ಅಷ್ಟೇ ನನ್ನ ಕೈಲಿರೋದು."

"ಮುಂದೆ ಬಂದಾ?"

"ಮುಂದೆ ಬಂದು."

ಅವನು ಗೋರೆ ಬದಿಗಿಟ್ಟ. ಕುಡಿಯಲು ನೀರು ಕೊಟ್ಟ.

ಫೆಬ್ರವರಿ 27, ಮಂಗಳವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆರೆದಂತಿದೆ, ಯಾರು ಓದಬೇಕು.

ಒರಿಯೆಲ್ ಬಂದಿದ್ದ. ನಾನು ಜಾಲರಿಯನ್ನು ಎಳೆದು ಎಂಟು ಹೆಜ್ಜೆ ಮುಂದೆ ತಂದೆ. ನೆಲದಲ್ಲಿ ಅದು ಕೆರೆದ ಗೀರನ್ನು ಎಲ್ಲರೂ ನೋಡಿದರು. ಯಾರೂ ನಗಲಿಲ್ಲ.

ಮೊದಲು ದಿದಿಮೊ. ಇದ್ದ ಬಲವೆಲ್ಲ ಹಾಕಿದೆ. ಅವನ ಎದೆಯ ಹತ್ತಿರ, ಅವನಿಗೆ ಯಾವತ್ತೂ ಕಷ್ಟವಾದ ಜಾಗಕ್ಕೆ ಎಸೆದೆ. ಹದಿನೆಂಟು ವರ್ಷದಿಂದ ಆ ಜಾಗವನ್ನು ನಾನು ಬಲ್ಲೆ, ಅದರಿಂದ ತಪ್ಪಿಸಿಯೇ ಎಸೆಯುತ್ತಿದ್ದೆ. ಮೂವತ್ತರಲ್ಲಿ ನಾಲ್ಕು ತಗುಲಿತು. "ಇನ್ನೊಂದು ಹತ್ತು, ಕೊಂಪಾದ್ರೆ" ಎಂದ. ಹತ್ತು ಎಸೆದೆ. ಒಂದೂ ಇಲ್ಲ. ಅವನು ಬ್ಯಾಟನ್ನು ಎಸೆಯಲಿಲ್ಲ, ನೆಲಕ್ಕೆ ಮೆಲ್ಲಗೆ ಮಲಗಿಸಿ ಬದಿಗೆ ಹೋಗಿ ನಿಂತ.

ಆಮೇಲೆ ಒರಿಯೆಲ್. ಮೊದಲ ಚೆಂಡು ನನ್ನ ಜಾಲರಿಗೇ ಬಡಿಯಿತು, ಎಷ್ಟು ನೇರ ಎಂದರೆ ನಾನು ಕಣ್ಣು ಮುಚ್ಚಿಕೊಂಡೆ. ಎರಡನೆಯದೂ ನೇರ. ಇಪ್ಪತ್ತಾದ ಮೇಲೆ ಎವಿದೆಲಿಯೊ "ಸಾಕು" ಎಂದ. ನನ್ನ ಕೈ ಸಹ ಅಲ್ಲಿಗೆ ಸಾಕು ಎಂದಿತ್ತು. ಚೆಂಡು ಹಿಡಿಯಲು ಹೋದರೆ ಬೆರಳು ಮುಚ್ಚುತ್ತಿರಲಿಲ್ಲ.

ಬೆಂಚಿನ ಮೇಲೆ ದಿದಿಮೊ ಬಂದು ಪಕ್ಕದಲ್ಲಿ ಕೂತ.

"ನನಗೆ ಮೊದಲನೇ ವಾರವೇ ಗೊತ್ತಾಗಿತ್ತು."

"ಏನು?"

"ನಿಮ್ಮ ಕೈ ಹೋಗಿದೆ ಅಂತ. ನನಗೊಬ್ನಿಗೆ ಅಲ್ಲ, ಎಲ್ರಿಗೂ ಗೊತ್ತಿತ್ತು. ಬಾಯಿಬಿಟ್ಟಿದ್ದು ಆ ಹುಡುಗ ಒಬ್ನೇ. ಅವನನ್ನೂ ನಾನು ಬೈದು ಸುಮ್ನಾಗಿಸ್ದೆ."

"ನನಗೆ ಹೇಳ್ಬಾರ್ದಿತ್ತೇನೋ?"

"ಹೇಳಿದ್ರೆ ನೀವು ಮನೆಗೆ ಹೋಗ್ತಿದ್ರಿ. ಹಿಂದೇನೇ ನಾನೂ ಹೋಗ್ತಿದ್ದೆ. ಇನ್ನೊಂದು ವರ್ಷ ಇಬ್ರೂ ಇರೋಣ ಅಂದ್ಕೊಂಡೆ."

ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಲು ಕೈ ಏಳುತ್ತಿರಲಿಲ್ಲ. ಎರಡು ತಿಂಗಳು ನಾನು ಸಿಂಹದ ಹಾಗೆ ಎದೆಯುಬ್ಬಿಸಿ ನಿಂತಿದ್ದರೆ, ಹನ್ನೊಂದು ಜನ ಅಯ್ಯೋ ಪಾಪ ಎಂದು ನನ್ನ ಚೆಂಡು ಹೊಡೆಯುತ್ತಿದ್ದರು. "ನನ್ನನ್ನ ಸುಳ್ಳುಗಾರನ್ನ ಮಾಡ್ದೆಯಲ್ಲೋ" ಎಂದೆ. ಅವನು ಎದ್ದು ಹೋದ. ಟ್ಯಾಂಕರ್ ಹೊರಟ ಸದ್ದು ಕೇಳಿತು.

ಮಾರ್ಚ್ 1, ಶುಕ್ರವಾರ

ಪಟ್ಟಿ ತಿದ್ದಿಕೊಟ್ಟೆ. ಎಂಟನೆಯ ಹೆಸರು ಒರಿಯೆಲ್. ಮೈದಾನದ ಗೇಟಿನ ಬೀಗದ ಕೈಯನ್ನೂ ಕೊಟ್ಟುಬಂದೆ. ಎಸೆಯಲು ಯಾರನ್ನೋ ನೋಡಿದ್ದಾರೆ, ಇಪ್ಪತ್ತೈದು ವರ್ಷದವನಂತೆ.

ದಿದಿಮೊ ಫೋನ್ ಎತ್ತುತ್ತಿಲ್ಲ.

ಮಾರ್ಚ್ 6, ಬುಧವಾರ

ಮೂರು ಗಂಟೆಗೆ ಅಂಗಡಿ ಮುಚ್ಚಿ ರಸ್ತೆಗೆ ಬಂದೆ. ಆಮೇಲೆ ನೆನಪಾಯಿತು. ಮತ್ತೆ ತೆರೆದೆ.

ಮಾರ್ಚ್ 17, ಭಾನುವಾರ

ಆರನೆಯ ಪಂದ್ಯ, ಊರಲ್ಲೇ. ನಮ್ಮ ತಂಡ ಕೂರುವ ಜಾಗದ ಮೇಲಿನ ಸಾಲಿನಲ್ಲಿ ಟಿಕೆಟ್ ಕೊಂಡು ಕೂತಿದ್ದೆ. ಒಂಬತ್ತು ಸರದಿಗಳಲ್ಲಿ ಮೂರನೆಯದರ ಹೊತ್ತಿಗೆ ದಿದಿಮೊ ಬಂದು ಎರಡು ಸೀಟು ಬಿಟ್ಟು ಕೂತ. ಎರಡೂವರೆ ವಾರದಿಂದ ಮಾತಿಲ್ಲ. ನಾನೂ ಆಡಿಸಲಿಲ್ಲ. ನನಗೂ ಸಿಟ್ಟಿತ್ತು.

ಒರಿಯೆಲ್ ಎರಡು ಸಲ ಬಂದ, ಎರಡು ಸಲವೂ ಔಟ್. ಡೋಲು, ತುತ್ತೂರಿ ಬಾರಿಸುವ ಗುಂಪು ಬಾರಿಸುವುದನ್ನು ನಿಲ್ಲಿಸಿ "ದಿದಿಮೊ! ದಿದಿಮೊ!" ಎಂದು ಕೂಗತೊಡಗಿತು. ಪಕ್ಕದಲ್ಲಿ ಅವನು ನೆಲ ನೋಡುತ್ತ ಕಡಲೆಕಾಯಿ ಸುಲಿಯುತ್ತಿದ್ದ.

ಆರನೆಯ ಸರದಿ ಮುಗಿದಾಗ ಎವಿದೆಲಿಯೊ ಕೆಳಗಿನಿಂದ ತಂತಿಬೇಲಿ ಹಿಡಿದುಕೊಂಡು ಕೂಗಿದ.

"ರುಫೋ! ಇಪ್ಪತ್ತೊಂದು ಸಲ ಬ್ಯಾಟ್ ಹಿಡಿದು ಎರಡು ಹಿಟ್ ನಿನ್ನ ಹುಡುಗಂದು. ಪಟ್ಟಿ ಬದಲಾಯಿಸೋಕೆ ನಾಳೆವರೆಗೂ ಅವಕಾಶ ಇದೆ. ಏನಂತೀಯ?"

ಏನನ್ನಬೇಕೆಂದು ನನಗೆ ಗೊತ್ತಿತ್ತು. ಒರಿಯೆಲ್‌ನ ಬ್ಯಾಟು ತಡವಾಗಿ ಬರುತ್ತಿಲ್ಲ. ಬೆದರಿದ್ದಾನೆ, ಅಷ್ಟೇ, ಅದು ಕಳೆಯುತ್ತದೆ. ಆದರೆ ಎರಡು ಸೀಟು ಆಚೆ ನನ್ನ ಕೊಂಪಾದ್ರೆ ಕೂತಿದ್ದ. ಒಂದು ಸಲ ಅವನ ಹೆಸರು ಹೊಡೆದುಹಾಕಿದ್ದೆ, ಮುಖದೆದುರಿಗೆ ಇನ್ನೊಂದು ಸಲ ಹೊಡೆದುಹಾಕಲು ನನ್ನಿಂದಾಗಲಿಲ್ಲ. ದಿದಿಮೊನನ್ನೇ ತಗೊ ಎಂದುಬಿಡುತ್ತಿದ್ದೆನೋ ಏನೋ. ದೇವರಾಣೆ, ಬಾಯಿಯವರೆಗೆ ಬಂದಿತ್ತು.

"ಎವಿದೆಲಿಯೊ" ಎಂದ ದಿದಿಮೊ, ತಲೆ ಎತ್ತದೆ. "ನನ್ನ ಮೊದಲನೇ ವರ್ಷ ಎಷ್ಟು ಆಟ ಹಿಟ್ ಇಲ್ದೆ ಆಡ್ದೆ ನಾನು?"

"ಯಾರಿಗಪ್ಪ ನೆನಪಿದೆ?"

"ನನಗಿದೆ. ಒಂಬತ್ತು. ಆಗ ನನ್ನನ್ನ ತೆಗೀಬೇಡ ಅಂತ ನಿಮ್ಮ ಮನೆ ಬಾಗಿಲಿಗೆ ಬಂದು ಕೂತಿದ್ದು ಯಾರು?"

ಎವಿದೆಲಿಯೊ ಗಲ್ಲದಿಂದ ನನ್ನ ಕಡೆ ತೋರಿಸಿದ. ಆ ವಿಷಯ ದಿದಿಮೊನಿಗೆ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ, ಕೆರುಬೆಗೂ.

"ಮತ್ತೆ ಯಾಕೆ ಕೇಳ್ತೀರ? ಹೋಗಿ, ಆಟ ನೋಡಿ" ಎಂದ ದಿದಿಮೊ.

ಎವಿದೆಲಿಯೊ ಹೋದ. ನನಗೆ ಅಳು ಬಂತು. ಬಿಸಿಲು ಎಂದು ಟೋಪಿ ಕೆಳಗೆಳೆದುಕೊಂಡೆ. ದಿದಿಮೊ ಸುಲಿದ ಕಡಲೆಕಾಯಿಯ ಪೊಟ್ಟಣವನ್ನು ನಮ್ಮ ನಡುವಿನ ಖಾಲಿ ಸೀಟಿನ ಮೇಲಿಟ್ಟ.

ಒರಿಯೆಲ್ ಮೂರನೆಯ ಸಲವೂ ಔಟಾದ. ನಾವು ಸೋತೆವು. ಜನ ಬೈದುಕೊಂಡು ಎದ್ದರು. ಮೆಟ್ಟಿಲಿನಲ್ಲಿ ನೂಕುನುಗ್ಗಲು, ಒಬ್ಬ ನನ್ನ ನೋಯುವ ಭುಜಕ್ಕೆ ತಾಗಿ ಹೋದ, ಕಣ್ಣಿಗೆ ಕತ್ತಲೆ ಬಂತು. ನನ್ನ ಬಲಗಡೆ ಇಳಿಯುತ್ತಿದ್ದ ದಿದಿಮೊ ಹಿಂದಿನಿಂದ ಸುತ್ತಿಕೊಂಡು ಬಂದು, ನನ್ನ ಎಡಗೈ ಹಿಡಿದುಕೊಂಡು ಕೆಳಗಿಳಿಸಿದ.